ಮನೆಯ ನೆತ್ತಿಯ ಮೇಲಿನ ಶಾಸನ

ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಶಾಸನವನ್ನು ನಿಮ್ಮಲ್ಲಿ ಹಲವರು ನೋಡಿರ್ತೀರಿ. 1669ರಲ್ಲಿ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಮೇದರನಿಂಗನಹಳ್ಳಿ ಎಲ್ಲಿ ಅಂತ ಇವತ್ತು ಮಲ್ಲೇಶ್ವರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಊರು ಕರಗಿಹೋಗಿದೆ, ಅದರ ಹೆಸರು ಕಲ್ಲಿನ ಮೇಲೆ ಉಳಿದಿದೆ.

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು, ಅಂದರೆ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟವನ್ನು, ಹೊರತಂದದ್ದು 1905ರಲ್ಲಿ. ಆ ಹೊತ್ತಿಗೆ ಇತ್ತ ಮಲ್ಲೇಶ್ವರ, ಅತ್ತ ಬಸವನಗುಡಿ ಹೊಸ ಬಡಾವಣೆಗಳಾಗಿ ಮೇಲೇಳುತ್ತಿದ್ದವು. 1898ರ ಪ್ಲೇಗಿಗೆ ಹೆದರಿ ಇಕ್ಕಟ್ಟಾದ ಪೇಟೆ ಬಿಟ್ಟುಬಂದ ಸಂಸಾರಗಳು ಇಲ್ಲಿ ಮನೆ ಕಟ್ಟಿಕೊಂಡವು. ನಂತರದ ಮೂರು ನಾಲ್ಕು ದಶಕಗಳಲ್ಲಿ ಎದ್ದ ಎಷ್ಟೋ ಮನೆಗಳ ಮುಂಭಾಗದ ನೆತ್ತಿಯಲ್ಲಿ, ಪ್ಯಾರಪೆಟ್ಟಿನ ನಡುವಿನ ಕಮಾನಿನಲ್ಲಿ, ಗಾರೆಯ ಉಬ್ಬಕ್ಷರಗಳಿವೆ: ಮನೆಯ ಹೆಸರು, ಇಸವಿ, ಕೆಲವೊಮ್ಮೆ ಸಂವತ್ಸರ. ರೈಸ್ ಸಂಪುಟಕ್ಕೆ ಇವು ಸೇರುವ ಮಾತೇ ಇರಲಿಲ್ಲ, ಆಗ ಗಾರೆಯೇ ಹಸಿ! ನನ್ನ ತಕರಾರು ಇರೋದು ಇವಕ್ಕೆ ನೂರು ವರ್ಷ ತುಂಬಿದ ಮೇಲೂ ನಾವು, ಶಾಸನದ ಹುಚ್ಚು ಹತ್ತಿಸಿಕೊಂಡವರೇ, ತಲೆಯೆತ್ತಿ ನೋಡೋದಿಲ್ಲ ಅನ್ನೋದರ ಬಗ್ಗೆ. ಹೊಯ್ಸಳ ಲಿಪಿಯಾದರೆ ಮಳೆಯಲ್ಲೂ ಹೋಗ್ತೀವಿ. 1925 ಅಂದ ಕೂಡಲೇ ‘ಅದೇನು ಮಹಾ’ ಅಂತೀವಿ.

ಏನು ಮಹಾ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಮನೆ. ನೆತ್ತಿಯಲ್ಲಿ ಎರಡೇ ಸಾಲು: ಮೇಲೆ ದೇವರ ಹೆಸರಿನ ನಿಲಯ, ಕೆಳಗೆ ‘ರಕ್ತಾಕ್ಷಿ ೧೯೨೫’. ರಕ್ತಾಕ್ಷಿ ಸಂವತ್ಸರ ಶುರುವಾಗೋದು 1924ರ ಯುಗಾದಿಗೆ, ಮುಗಿಯೋದು 1925ರ ಮಾರ್ಚ್ 24ರ ಅಮಾವಾಸ್ಯೆಗೆ. ಎರಡೂ ಸರಿ ಇರಬೇಕಾದರೆ ಬರೆಸಿದ ದಿನ 1925ರ ಜನವರಿ 1 ಮತ್ತು ಮಾರ್ಚ್ 24ರ ನಡುವೆ ಬೀಳಬೇಕು. ಪುಷ್ಯ ಮಾಸದಲ್ಲಿ ನಮ್ಮವರು ಗೃಹಪ್ರವೇಶ ಇಟ್ಟುಕೊಳ್ಳೋದಿಲ್ಲ. ಆ ಸಲ ಪುಷ್ಯ ಮುಗಿದದ್ದು ಜನವರಿ 24ಕ್ಕೆ. ಬರಹ ಗೃಹಪ್ರವೇಶದ್ದೇ ಅಂತ ಇಟ್ಟುಕೊಂಡರೆ ಮಾಘ, ಫಾಲ್ಗುಣ ಈ ಎರಡು ತಿಂಗಳು ಮಾತ್ರ ಉಳಿಯುತ್ತವೆ. ಒಂದು ಪದ, ನಾಲ್ಕು ಅಂಕಿಯಿಂದ ಕಾಲ ಇಷ್ಟು ಹತ್ತಿರಕ್ಕೆ ಬಂತು. ಗಂಗರ ಕಾಲದ ಎಷ್ಟೋ ವೀರಗಲ್ಲುಗಳಿಗೆ ‘ಸುಮಾರು’ ಅಂತ ಕಾಲು ಶತಮಾನ ಹಿಂದೆ ಮುಂದೆ ಹೇಳಿ ಸುಮ್ಮನಾಗ್ತೀವಲ್ಲ, ಅದಕ್ಕೆ ಹೋಲಿಸಿ.

ಆ ಮನೆ ಈಗ ಇಲ್ಲ. ಅಣ್ಣತಮ್ಮಂದಿರ ಪಾಲಾಯಿತು, ಜಾಗ ಜಾಯಿಂಟ್ ಡೆವಲಪ್‌ಮೆಂಟಿಗೆ ಹೋಯಿತು, ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಬಂತು. ಮನೆಯವರನ್ನು ನಾನು ದೂರೋದಿಲ್ಲ. ಮದ್ರಾಸ್ ಟೆರೇಸಿನ ತೊಲೆಗೆ ಗೆದ್ದಲು ಹಿಡಿದರೆ ರಿಪೇರಿಗೆ ಎಷ್ಟಾಗುತ್ತೆ ಅನ್ನೋದು ಅಂಥ ಮನೆಯಲ್ಲಿ ಇದ್ದವರಿಗೇ ಗೊತ್ತು. ಕೆಡವುವಾಗ ತೇಗದ ಬಾಗಿಲು, ಕಂಬ, ಮಂಕಿ ಟಾಪಿನ ಮರದ ಪಟ್ಟಿ ಎಲ್ಲ ಹಳೇ ಮರದ ವ್ಯಾಪಾರಿ ಕೊಂಡುಕೊಂಡ. ಕಿಟಕಿ ಸರಳು ಗುಜರಿಗೆ ಹೋಯಿತು. ನೆಲದ ಕಲ್ಲುಚಪ್ಪಡಿಗೂ ಗಿರಾಕಿ ಇದ್ದ. ಬೆಲೆ ಇಲ್ಲದ್ದು ಒಂದೇ, ಆ ಎರಡು ಸಾಲು. ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಚೂರಿನ ಜೊತೆ ಹೋಯಿತು.

ಕಲ್ಲಿಗೂ ಗಾರೆಗೂ ವ್ಯತ್ಯಾಸ ಇರೋದು ಇಲ್ಲೇ. ಹೆಬ್ಬಾಳದ ಕಿತ್ತಯ್ಯನ ಶಾಸನ ನೆನಪಿಸಿಕೊಳ್ಳಿ. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದು 2018ರಲ್ಲಿ ಕಾಮಗಾರಿಯ ಅಗೆತದ ನಡುವೆ ಸಿಕ್ಕಿತು. ಆಸಕ್ತರು ಓಡಿಬಂದರು, ಎತ್ತಿ ನಿಲ್ಲಿಸಿದರು, ಈಗ ಅದಕ್ಕೊಂದು ಮಂಟಪವೇ ಇದೆ. ಕಲ್ಲನ್ನು ಎತ್ತಬಹುದು, ಸಾಗಿಸಬಹುದು, ಮಣ್ಣಲ್ಲಿ ಹೂತರೂ ಮತ್ತೆ ಸಿಗುತ್ತೆ. ಗಾರೆ ಅಕ್ಷರ ಗೋಡೆಯ ಮೈಯೇ ಆಗಿರುತ್ತೆ. ಗೋಡೆ ಬಿದ್ದರೆ ಪುಡಿ. ಕಾನೂನೂ ಇದರ ನೆರವಿಗಿಲ್ಲ: ಕೇಂದ್ರದ 1958ರ ಸ್ಮಾರಕ ಕಾಯಿದೆಯಲ್ಲಿ ಪ್ರಾಚೀನ ಅನ್ನಿಸಿಕೊಳ್ಳೋಕೆ ಕನಿಷ್ಠ ನೂರು ವರ್ಷ ಆಗಿರಬೇಕು, ಆದರೂ ಬೀದಿಯ ಒಂದು ಸಾಧಾರಣ ಮನೆಯನ್ನು ಯಾರೂ ಸ್ಮಾರಕ ಅಂತ ಘೋಷಿಸೋದಿಲ್ಲ. ಹಾಗಾಗಿ ಇದ್ದಲ್ಲೇ, ಇದ್ದಾಗಲೇ ಓದಿ ಬರೆದಿಟ್ಟುಕೊಳ್ಳೋದು ಬಿಟ್ಟರೆ ಬೇರೆ ದಾರಿ ನನಗೆ ಕಾಣೋದಿಲ್ಲ.

ಓದೋದೂ ನೀವಂದುಕೊಂಡಷ್ಟು ಸಲೀಸಲ್ಲ. ನೂರು ವರ್ಷದ ಸುಣ್ಣ, ಡಿಸ್ಟೆಂಪರ್, ಎಮಲ್ಷನ್ ಪದರ ಪದರವಾಗಿ ಅಕ್ಷರದ ಸಂದುಗಳನ್ನು ತುಂಬಿರುತ್ತೆ. ಪಡಿಯಚ್ಚು ತೆಗೆಯೋಣ ಅಂದರೆ ಹದಿನೈದು ಅಡಿ ಎತ್ತರ, ಸಾಲದ್ದಕ್ಕೆ ಒದ್ದೆ ಕಾಗದ, ಬ್ರಷ್ಷಿನ ಏಟು ಹಳೇ ಗಾರೆಗೆ ಒಳ್ಳೇದಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿಕೊಂಡು, ಮನೆಯವರನ್ನು ಕೇಳಿ, ಎದುರು ಮಹಡಿಯಿಂದ ನೇರವಾಗಿ ಫೋಟೋ ತೆಗೀಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಮಧ್ಯಾಹ್ನ ಮೇಲೆ ಹೋಗಿ. ಪಾಠವನ್ನು ತಪ್ಪಿದ್ದರೆ ತಪ್ಪಿದ್ದ ಹಾಗೇ ಬರೆದುಕೊಳ್ಳಿ. ‘ನೀವಾಸ’ ಅಂತಿದ್ದರೆ ‘ನಿವಾಸ’ ಅಂತ ತಿದ್ದಬೇಡಿ, ಆ ದೀರ್ಘ ಗಾರೆಯವನ ಕೈಯದ್ದು.

ಎಲ್ಲಕ್ಕಿಂತ ಕಾಡೋದು ೬ ಮತ್ತು ೯. ಬಣ್ಣ ತುಂಬಿದ ಮೇಲೆ ಬಾಲ ಎತ್ತ ತಿರುಗಿದೆ ಅಂತಲೇ ತಿಳಿಯೋದಿಲ್ಲ. ಬಸವನಗುಡಿಯ ಒಂದು ಮನೆಯಲ್ಲಿ ‘೧೯೨’ ಆದ ಮೇಲೆ ಇಂಥದೇ ಒಂದು ಗಂಟು. ಮೂರು ಸಲ ಹೋಗಿ ಮೂರು ಬೆಳಕಲ್ಲಿ ನೋಡಿದೆ. ಕಳೆದ ಸಲ ಹೋದಾಗ ಮುಂದೆ ಹಸಿರು ಬಲೆ ಕಟ್ಟಿದ್ದರು, ಕೆಲಸ ಇನ್ನೂ ಶುರುವಾಗಿರಲಿಲ್ಲ. ಮೇಸ್ತ್ರಿ ಒಳ್ಳೇ ಮನುಷ್ಯ, ‘ಹತ್ತಿ ನೋಡಿ ಸಾರ್, ನಾಳೆ ಇರಲ್ಲ’ ಅಂತ ಸಾರವೆ ಹತ್ತಲು ಬಿಟ್ಟರು. ಹತ್ತಿರದಿಂದಲೂ ಅಂಕಿ ಅಷ್ಟಕ್ಕಷ್ಟೆ. ಆದರೆ ಅದರ ಎಡಕ್ಕೆ, ಕೆಳಗಿನಿಂದ ಬಳ್ಳಿಯ ಅಲಂಕಾರ ಅಂತ ಕಂಡದ್ದು ಅಕ್ಷರ. ಬೆರಳಾಡಿಸಿದರೆ ‘ಶು’, ಆಮೇಲೆ ಕಕಾರಕ್ಕೆ ಒಂದು ಒತ್ತು. 1926 ಆಗಿದ್ದರೆ ಅಕ್ಷಯವೋ, ಯುಗಾದಿಗೆ ಮುಂಚಿನದಾದರೆ ಕ್ರೋಧನವೋ ಇರಬೇಕಿತ್ತು. ಇದು ಶುಕ್ಲ, ಅಂದರೆ 1929-30. ಕಡೆಯ ಅಂಕಿ ೯.