ಕಾಳಜಿಯ ನಾಯಕತ್ವ: ಹತ್ತಿ ಗಿರಣಿಯಿಂದ ಆಸ್ಪತ್ರೆಯ ವಾರ್ಡಿನವರೆಗೆ

ಕೆಲಸಗಾರರನ್ನು ಚೆನ್ನಾಗಿ ನೋಡಿಕೊಂಡರೆ ಕೆಲಸವೂ ಚೆನ್ನಾಗಿ ನಡೆಯುತ್ತದೆ ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಇನ್ನೂರು ವರ್ಷಗಳಲ್ಲಿ ಉತ್ತರ ಹಲವು ಬಾರಿ ಬದಲಾಗಿದೆ.

1800ರಲ್ಲಿ ರಾಬರ್ಟ್ ಓವನ್ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಹತ್ತಿ ಗಿರಣಿಯ ಆಡಳಿತ ವಹಿಸಿಕೊಂಡರು. ಕಾರ್ಮಿಕರ ಮನೆಗಳನ್ನು ಸುಧಾರಿಸಿದರು, ಮಕ್ಕಳಿಗೆ ಶಾಲೆ ತೆರೆದರು. ಅಮೆರಿಕದ ಹತ್ತಿ ಬರುವುದು ನಿಂತು ಗಿರಣಿ ಸ್ಥಗಿತಗೊಂಡಾಗಲೂ ಸಂಬಳ ಕೊಟ್ಟರು. ಇದೇ ಓವನ್ ಪ್ರತಿ ಕಾರ್ಮಿಕರ ಪಕ್ಕದಲ್ಲಿ ನಾಲ್ಕು ಬಣ್ಣದ ಮರದ ತುಂಡೊಂದನ್ನು ತೂಗುಹಾಕಿಸಿದ್ದರು. ಹಿಂದಿನ ದಿನದ ನಡತೆ ಕೆಟ್ಟದ್ದಾಗಿದ್ದರೆ ಕಪ್ಪು ಮುಖ, ಉತ್ತಮವಾಗಿದ್ದರೆ ಬಿಳಿ ಮುಖ ಎದುರಿಗೆ ಕಾಣುತ್ತಿತ್ತು. ಕಾಳಜಿ ನಿಜವಾದದ್ದೇ, ಆದರೆ ಅದು ಧಣಿಯ ಕಾಳಜಿ. ಕೊಡುವವನೂ ಅಳೆಯುವವನೂ ಅವನೇ. ನಮ್ಮಲ್ಲಿ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲೇ ಎಂಟು ಗಂಟೆಯ ದುಡಿಮೆ ಜಾರಿಗೆ ತಂದದ್ದು ಈ ಪರಂಪರೆಯ ಉಜ್ವಲ ಅಧ್ಯಾಯ.

ಈ ನಡುವೆ, 1911ರಲ್ಲಿ, ಫ್ರೆಡರಿಕ್ ಟೇಲರ್ ಕೆಲಸವನ್ನು ತುಂಡುತುಂಡಾಗಿಸಿ ಗಡಿಯಾರ ಹಿಡಿದು ಅಳೆಯುವ ಶಾಸ್ತ್ರವನ್ನು ಪುಸ್ತಕರೂಪಕ್ಕೆ ತಂದರು. ಅಳತೆ ಖಚಿತವಾಯಿತು, ಮನುಷ್ಯ ಮರೆಯಾದ.

ಅವನು ಮತ್ತೆ ಕಣ್ಣಿಗೆ ಬಿದ್ದದ್ದು ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ. 1927ರಲ್ಲಿ ಟೆಲಿಫೋನ್ ರಿಲೇ ಜೋಡಿಸುವ ಐವರು ಯುವತಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ವಿರಾಮ, ತಿಂಡಿ, ಕೆಲಸದ ಅವಧಿಯನ್ನು ಒಂದೊಂದಾಗಿ ಬದಲಿಸಿ ನೋಡಿದರು. ಸೌಲಭ್ಯ ಹಿಂತೆಗೆದುಕೊಂಡಾಗಲೂ ಒಟ್ಟು ಉತ್ಪಾದನೆ ಉನ್ನತ ಮಟ್ಟದಲ್ಲೇ ಉಳಿಯಿತು. ತಮ್ಮ ಅಭಿಪ್ರಾಯ ಕೇಳುವವರಿದ್ದಾರೆ ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣವೆಂದು ಎಲ್ಟನ್ ಮೇಯೊ ಬಳಗ ವ್ಯಾಖ್ಯಾನಿಸಿತು. ಮುಂದೆ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರ ಸಂದರ್ಶನ ನಡೆಯಿತು. ಸಿದ್ಧಪ್ರಶ್ನೆಗಳನ್ನು ಬದಿಗಿಟ್ಟು ಸುಮ್ಮನೆ ಆಲಿಸಿದಾಗಲೇ ಜನ ಮನಸ್ಸು ಬಿಚ್ಚಿದರು. ಇಷ್ಟಾದರೂ ಈ ಕಥೆಯನ್ನು ಪೂರ್ತಿ ಹೇಳಬೇಕು: ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ದೂರಿನ ಮೇಲೆ ಆ ಐವರಲ್ಲಿ ಇಬ್ಬರನ್ನು 1928ರ ಆರಂಭದಲ್ಲಿ ಬದಲಾಯಿಸಲಾಯಿತು. 1967ರಲ್ಲಿ ಅಲೆಕ್ಸ್ ಕೇರಿ ಇದನ್ನು ಮುಂದಿಟ್ಟು ಪ್ರಯೋಗದ ತೀರ್ಮಾನಗಳನ್ನೇ ಪ್ರಶ್ನಿಸಿದರು.

ಅಕ್ಕರೆ ಮಾತ್ರ ಸಾಕೇ ಎಂಬ ಪ್ರಶ್ನೆ ಆಮೇಲಿನದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1940ರ ದಶಕದ ಕೊನೆಯಲ್ಲಿ ಜನರ ಬಗೆಗಿನ ಕಳಕಳಿ ಮತ್ತು ಕೆಲಸದ ಅಚ್ಚುಕಟ್ಟುಗಳನ್ನು ನಾಯಕತ್ವದ ಎರಡು ಬೇರೆ ಬೇರೆ ಗುಣಗಳೆಂದು ಗುರುತಿಸಿದರು; ಒಬ್ಬರಲ್ಲೇ ಎರಡೂ ಇರಬಹುದು. 1960ರಲ್ಲಿ ಡಗ್ಲಸ್ ಮೆಕ್‌ಗ್ರೆಗರ್ ನೌಕರರ ಮೇಲೆ ನಂಬಿಕೆಯಿಡಿ ಎಂದರು. 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ನಾಯಕ ಮೊದಲು ಸೇವಕನಾಗಬೇಕೆಂದು ಬರೆದರು. ಪ್ರತಿಯೊಬ್ಬ ನೌಕರನ ಅಗತ್ಯಕ್ಕೆ ಪ್ರತ್ಯೇಕ ಗಮನ ಕೊಡುವುದನ್ನು 1985ರಲ್ಲಿ ಬರ್ನಾರ್ಡ್ ಬ್ಯಾಸ್ ತಮ್ಮ ಸಿದ್ಧಾಂತದ ಒಂದು ಕಂಬವಾಗಿಸಿದರು.

ಭಾರತದ ಕಚೇರಿಗಳನ್ನು ಒಳಗಿನಿಂದ ಬಲ್ಲ ಚಿಂತನೆ ಬಂದದ್ದು ಪಟನಾದಿಂದ. ಅಲ್ಲಿನ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ 1980ರ ತಮ್ಮ ಪುಸ್ತಕದಲ್ಲಿ ಪೋಷಿಸುತ್ತಲೇ ಕೆಲಸ ತೆಗೆಯುವ ನಾಯಕನನ್ನು ಚಿತ್ರಿಸಿದರು. ಮೇಲಿನವರ ಆಸರೆ ಬಯಸುವುದು, ಸಂಬಂಧಕ್ಕೆ ಬೆಲೆ ಕೊಡುವುದು ನಮ್ಮಲ್ಲಿ ಸಹಜ. ಇಂಥಲ್ಲಿ ಮುಖ್ಯಸ್ಥ ಹಿರಿಯಣ್ಣನಂತೆ ಅಕ್ಕರೆ ತೋರಬೇಕು. ಆ ಅಕ್ಕರೆ ಶ್ರದ್ಧೆಯ ದುಡಿಮೆಗೆ ಸಲ್ಲಬೇಕೇ ಹೊರತು ಓಲೈಕೆಗಲ್ಲ. ಕೈಕೆಳಗಿನವರು ಪಳಗಿದಂತೆಲ್ಲ ಅವನು ನಿರ್ದೇಶನ ಕಡಿಮೆ ಮಾಡಿ ನಿರ್ಧಾರಗಳಲ್ಲಿ ಅವರಿಗೂ ಪಾಲು ಕೊಡಬೇಕು. ಪೋಷಣೆಯ ಗುರಿ ಅವಲಂಬನೆಯಿಂದ ಬಿಡುಗಡೆ ಎಂಬುದೇ ಸಿನ್ಹಾ ಅವರ ದೊಡ್ಡ ಕೊಡುಗೆ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆ ತಂಡಗಳಲ್ಲಿ ಔಷಧಿ ನೀಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕರಿದ್ದ ತಂಡಗಳಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು! ಕೆದಕಿದಾಗ ತಿಳಿದದ್ದು: ಅಲ್ಲಿನ ನರ್ಸ್‌ಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಬೇರೆಡೆ ಮುಚ್ಚಿಡುತ್ತಿದ್ದರು. 1999ರ ಅವರ ಪ್ರಬಂಧ ಈ ನಿರ್ಭೀತ ವಾತಾವರಣವನ್ನು ತಂಡದ ಕಲಿಕೆಯ ಬುನಾದಿ ಎಂದಿತು. ರೋಗಿಯ ಪ್ರಾಣವೇ ಇದನ್ನು ಅವಲಂಬಿಸಿರುವಾಗ ಕಾಳಜಿಯನ್ನು ಬರೀ ಸೌಜನ್ಯ ಎನ್ನಲಾಗದು.

ಹುಟ್ಟುಹಬ್ಬಕ್ಕೆ ಕೇಕ್ ತರಿಸುವುದು, ವರ್ಷಕ್ಕೊಮ್ಮೆ ಪಿಕ್ನಿಕ್ಕಿಗೆ ಕರೆದೊಯ್ಯುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ನಾವಿನ್ನೂ ಓವನ್ ಕಾಲದಲ್ಲೇ ಇದ್ದೇವೆ. ತಂಡ ನಡೆಸುವವರಲ್ಲಿ ನನ್ನ ಮನವಿ ಇಷ್ಟೇ: ನಿಮ್ಮ ಕೈಕೆಳಗಿನವರು ಕೆಟ್ಟ ಸುದ್ದಿಯನ್ನು ಮೊದಲು ನಿಮಗೇ ಬಂದು ಹೇಳುತ್ತಾರೆಯೇ ಎಂದು ನೋಡಿಕೊಳ್ಳಿ. ಹೇಳದಿದ್ದರೆ ಬದಲಾಗಬೇಕಾದವರು ಅವರಲ್ಲ, ನೀವು.