ಬುತ್ತಿ ಕಟ್ಟಿಕೊಂಡು ಮೈಸೂರಿಗೆ

ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರಿನ ಹಿಂದೆ ‘ಟೂರು’ ಎಂದರೆ ಮೈಸೂರು. ಬೇರೆ ಊರು ನೋಡುವ ಆಸೆ ಇರಲಿಲ್ಲವೆಂದಲ್ಲ, ಕೈಯಲ್ಲಿದ್ದ ದುಡ್ಡಿಗೆ ಎಟುಕುತ್ತಿದ್ದುದು ಅದು. ಬೆಳಗಿನ ರೈಲನ್ನೋ ಕೆಂಪು ಬಸ್ಸನ್ನೋ ಹಿಡಿಯುವುದು, ಬೆಟ್ಟ, ಅರಮನೆ, ಮೃಗಾಲಯ ಮುಗಿಸಿ ಸಂಜೆಗೆ ಕನ್ನಂಬಾಡಿ, ರಾತ್ರಿ ನೆಂಟರ ಮನೆಯ ಪಡಸಾಲೆಯಲ್ಲೋ ಛತ್ರದಲ್ಲೋ ಚಾಪೆ. ಹೀಗೆ ಸಂಸಾರ ಸಮೇತ ಊರು ನೋಡಿ ಬಂದವರನ್ನು ನೆನೆಯುವಾಗ ನಾವು ಅವರ ಮಿತವ್ಯಯವನ್ನು, ಜಾಣತನವನ್ನು ಹೊಗಳುತ್ತೇವೆ. ಆ ಜಾಣತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರೀ ಜಾಣತನದ ಬಲದಿಂದ ಯಾರೂ ಮೈಸೂರು ನೋಡಲಿಲ್ಲ. ಆ ಅಗ್ಗದ ಪ್ರವಾಸದ ಹಿಂದೆ ಎಲ್ಲರ ದುಡ್ಡಿನಿಂದ ಕಟ್ಟಿದ ಕೆಲವು ಏರ್ಪಾಡುಗಳಿದ್ದವು, ಯಾರೂ ಲೆಕ್ಕ ಬರೆದಿಡದ ದುಡಿಮೆಯಿತ್ತು. ಅದು ಎಲ್ಲರಿಗೂ ಒಂದೇ ಸಮನಾಗಿ ಅಗ್ಗವಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮೊದಲು ರೈಲಿನ ಮಾತು. 1876ರಿಂದ 78ರವರೆಗೆ ಸಂಸ್ಥಾನವನ್ನು ಹಿಂಡಿದ ಧಾತು-ಈಶ್ವರ ಸಂವತ್ಸರಗಳ ಬರದ ಅಗಾಧತೆ ಜನಗಣತಿಯ ಎರಡು ಅಂಕಿಗಳಲ್ಲಿ ಕಾಣುತ್ತದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಬರದ ಪರಿಹಾರದ ಕಾಮಗಾರಿಯಾಗಿಯೇ ಬೆಂಗಳೂರು-ಮೈಸೂರು ದಾರಿಯ ಮಣ್ಣಿನ ಕೆಲಸ ಶುರುವಾದದ್ದು. ಹಸಿದವರಿಗೆ ಕೂಲಿ ಕೊಟ್ಟು ಹಾಕಿಸಿದ ದಿಣ್ಣೆಯ ಮೇಲೆ 1882ರ ಹೊತ್ತಿಗೆ ಮೈಸೂರಿನವರೆಗೂ ರೈಲು ಓಡಿತು. ಮುಂದಿನ ಬರಕ್ಕೆ ಧಾನ್ಯ ಬೇಗ ಮುಟ್ಟಿಸಬೇಕೆಂಬ ಯೋಚನೆಯೂ ಆ ದಾರಿಯ ಹಿಂದೆ ಇತ್ತು. ಆದರೆ ದಾರಿ ಇದ್ದಮೇಲೆ ಧಾನ್ಯದ ಜೊತೆ ಮನುಷ್ಯರೂ ಹತ್ತಿದರು, ಅದರಲ್ಲೂ ಮೂರನೇ ದರ್ಜೆಗೆ. ಆ ದರ್ಜೆಯ ದುರವಸ್ಥೆಯ ಬಗ್ಗೆ ಗಾಂಧೀಜಿ 1917ರಲ್ಲಿ ಪ್ರತ್ಯೇಕವಾಗಿಯೇ ಬರೆಯಬೇಕಾಯಿತು. ಅಷ್ಟಾದರೂ ಜನ ಹತ್ತುವುದನ್ನು ಬಿಡಲಿಲ್ಲ. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಸುಮಾರು 140 ಕಿಲೋಮೀಟರ್ ದೂರ ಈಗ ಒಂದು ಹಗಲಿಗೆ ಬಗ್ಗಿತ್ತು.

ದಾರಿ ಇದ್ದರೆ ಸಾಲದು, ಹೊರಡಲು ನೆಪವೂ ಬೇಕು. ಹೊಲ, ದನ, ಮನೆಗೆಲಸ ಬಿಟ್ಟು ‘ಸುಮ್ಮನೆ ನೋಡಿ ಬರೋಣ’ ಎಂದು ಹೊರಡುವುದು ಸಾಮಾನ್ಯ ಸಂಸಾರಗಳಿಗೆ ಬಹಳ ಕಾಲ ಒಪ್ಪಿಗೆಯಾದ ಮಾತಾಗಿರಲಿಲ್ಲ. ಜಾತ್ರೆಗೆ ಹೋಗಬಹುದು, ಹರಕೆ ತೀರಿಸಲು ಹೋಗಬಹುದು, ಮಗುವಿನ ಮುಡಿ ಕೊಡಲು ಹೋಗಬಹುದು. ಹೆಂಗಸರ ಪಾಲಿಗಂತೂ ದೇವರೇ ರಹದಾರಿ. ಮೈಸೂರು ಗೆದ್ದದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಅಲ್ಲಿ ಬೆಟ್ಟದ ಮೇಲೆ ಚಾಮುಂಡಿ ಇದ್ದಳು, ಹತ್ತಿರದಲ್ಲೇ ನಂಜನಗೂಡಿನ ನಂಜುಂಡನಿದ್ದ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳಿಗೆ ಯಾರೂ ಟಿಕೆಟ್ ಕೇಳುತ್ತಿರಲಿಲ್ಲ. ನಡುದಾರಿಯಲ್ಲಿ ಏಕಶಿಲೆಯ ನಂದಿಯ ನೆರಳಲ್ಲಿ ಕೂತು ದಣಿವಾರಿಸಿಕೊಳ್ಳಬಹುದಿತ್ತು. ದೇವಿಯ ದರ್ಶನವಾದ ಮೇಲೆ ಇಳಿದು ಬಂದು ಹುಲಿ ನೋಡಿದರೆ ಯಾರು ಬೇಡವೆಂದಾರು?

ಹುಲಿ ಇದ್ದದ್ದು 1892ರಲ್ಲಿ ಚಾಮರಾಜೇಂದ್ರ ಒಡೆಯರು ಆರಂಭಿಸಿದ ಮೃಗಾಲಯದಲ್ಲಿ. ಮೊದಲಿಗೆ ಅದು ಅರಮನೆಯ ಮೃಗಾಲಯ, ಮುಂದೆ ಅವರ ಹೆಸರನ್ನೇ ಹೊತ್ತು ಊರಿನ ಮೃಗಾಲಯವಾಯಿತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಸರಾ ವಸ್ತುಪ್ರದರ್ಶನ ಸೇರಿಕೊಂಡಿತು. ಬೇಸಾಯ ಮತ್ತು ಕೈಗಾರಿಕೆಯಲ್ಲಿ ಹೊಸತೇನಿದೆ ಎಂದು ಹಬ್ಬಕ್ಕೆ ಬಂದ ರೈತರಿಗೆ ತೋರಿಸುವುದು ಸರ್ಕಾರದ ಉದ್ದೇಶ. ರೈತರು ನೋಡಿದರು ಕೂಡ. ಆದರೆ ಆ ಪ್ರದರ್ಶನ ಜನರ ನೆನಪಿನಲ್ಲಿ ಉಳಿದದ್ದು ನೇಗಿಲು, ಮಗ್ಗಗಳಿಂದಲ್ಲ. ಬಣ್ಣದ ಬಳೆ, ರಾಟವಾಳ, ಚುರುಮುರಿ, ಮುಖದಷ್ಟು ಅಗಲದ ಹಪ್ಪಳಗಳಿಂದ. ಸರ್ಕಾರ ಪಾಠಶಾಲೆಯೆಂದು ಕಟ್ಟಿದ್ದನ್ನು ಜನ ಸಂತೆಯಾಗಿ ತಿರುಗಿಸಿಕೊಂಡರು. ನನಗಂತೂ ಇದು ಸಂಸ್ಥಾನದ ಚರಿತ್ರೆಯಲ್ಲಿ ಜನ ಗೆದ್ದ ಸಣ್ಣ ಗೆಲುವುಗಳಲ್ಲಿ ಒಂದು.

ಎಲ್ಲಕ್ಕಿಂತ ಅಗ್ಗವಾಗಿ ಸಿಕ್ಕ ಬೆರಗು ಮಾತ್ರ ಬೆಳಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಅದಾದ ಎಷ್ಟೋ ವರ್ಷಗಳವರೆಗೆ ಹಳ್ಳಿಯ ಮನೆಗಳಲ್ಲಿ ಉರಿಯುತ್ತಿದ್ದುದು ಎಣ್ಣೆಯ ದೀಪ, ಸೀಮೆಎಣ್ಣೆಯ ಬುಡ್ಡಿ. ಅಂಥ ಮನೆಯಿಂದ ಬಂದ ಮಗು 1912ರಲ್ಲಿ ಪೂರ್ಣಗೊಂಡ ಅರಮನೆಯ ಮೈಯೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವುದನ್ನು ಕಂಡಾಗ ಏನಾಗಿರಬೇಕು! ಅದನ್ನು ನೋಡಲು ಒಳಗೆ ಹೋಗಬೇಕೆಂದೇನಿಲ್ಲ, ಕೋಟೆಯ ಹೊರಗೆ ನಿಂತರೂ ಕಾಣುತ್ತದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕೃಷ್ಣರಾಜಸಾಗರದ ಕೆಳಗೆ ಅರಳಿದ ಬೃಂದಾವನವೂ ಬೆಳಕಿನದೇ ತೋಟ. ಕಾಶ್ಮೀರದ ಶಾಲಿಮಾರ್ ಅದಕ್ಕೆ ಪ್ರೇರಣೆ. ನೀರಾವರಿಗೆಂದು ಕಟ್ಟಿದ ಅಣೆಕಟ್ಟಿನ ಬುಡದಲ್ಲಿ ಬಣ್ಣದ ಕಾರಂಜಿ ಬೇಕಿತ್ತೇ ಎಂದು ಲೆಕ್ಕಾಚಾರದವರು ಕೇಳಬಹುದು. ಆ ತೋಟಕ್ಕೆ ಎದುರಾಗಿ, ಎತ್ತರದಲ್ಲಿ, ಒಂದು ಹೋಟೆಲೂ ಎದ್ದಿತು. ಅಲ್ಲಿ ಇಳಿದುಕೊಂಡವರು ಕುರ್ಚಿಯಲ್ಲಿ ಕೂತು ನಿಧಾನವಾಗಿ ನೋಡಿದ್ದನ್ನೇ ಕೆಳಗಿನವರು ಒಂದು ಕಣ್ಣು ಕಾರಂಜಿಯ ಮೇಲೆ, ಇನ್ನೊಂದು ಕಣ್ಣು ಕೊನೆಯ ಬಸ್ಸಿನ ಮೇಲೆ ಇಟ್ಟು ನೋಡಿದರು. ನೋಡಿದ್ದಂತೂ ಅದೇ ನೀರು.

ರಾತ್ರಿ ಉಳಿಯುವುದೆಲ್ಲಿ? ಎಲ್ಲರೂ ಸರಿಸಮವಾಗಿ ಬಂದರೆಂಬ ಕಥೆ ಒಡೆಯುವುದು ಇಲ್ಲಿಯೇ. ಅರಸರು, ರಾಣಿಯರು, ವರ್ತಕರು ಪುಣ್ಯಕ್ಕೆಂದು ಕಟ್ಟಿಸಿದ ಛತ್ರಗಳು ಈ ಸೀಮೆಯ ಊರೂರಿನಲ್ಲೂ ಇದ್ದವು. ಎಷ್ಟೋ ಛತ್ರಗಳ ಉಸ್ತುವಾರಿ ಮುಜರಾಯಿ ಇಲಾಖೆಯದು. ರೈಲು ಬಂದಮೇಲೆ ನಿಲ್ದಾಣದ ಬಳಿಯ ಛತ್ರಗಳಿಗೆ ಹೊಸ ಜೀವ ಬಂತು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ 20ನೇ ಶತಮಾನದ ಆರಂಭದಲ್ಲಿ ಗುಬ್ಬಿ ತೋಟದಪ್ಪನವರ ಛತ್ರ ತೆರೆಯಿತು. ಮೈಸೂರಿನಲ್ಲಿ ನಂಜರಾಜ ಬಹದ್ದೂರರ ಛತ್ರವಿತ್ತು. ಇಳಿದುಕೊಳ್ಳಲು ಜಾಗ, ಬಾವಿಯ ನೀರು, ಒಲೆ ಹೂಡಲು ಒಂದು ಮೂಲೆ. ಬಡ ಸಂಸಾರದ ಪ್ರವಾಸಕ್ಕೆ ಇನ್ನೇನು ಬೇಕು?

ಆದರೆ ಆ ಮೂಲೆ ಯಾರದು ಎಂಬ ಪ್ರಶ್ನೆ ಇತ್ತು. ಛತ್ರಗಳಲ್ಲಿ ಅಡುಗೆಯ ಜಾಗ, ಊಟದ ಪಂಕ್ತಿ, ಕೆಲವೆಡೆ ಛತ್ರವೇ ಜಾತಿಗೆ ತಕ್ಕಂತೆ ಹಂಚಿಹೋಗಿದ್ದವು. ದಲಿತ ಕುಟುಂಬವೊಂದಕ್ಕೆ ರೈಲಿನ ಟಿಕೆಟ್ಟು ಎಲ್ಲರಷ್ಟೇ ಬೆಲೆಗೆ ಸಿಕ್ಕರೂ ರಾತ್ರಿಯ ಜಾಗ ಸಿಗುತ್ತಿರಲಿಲ್ಲ, ಬಾವಿಯ ನೀರೂ ಸಿಗುತ್ತಿರಲಿಲ್ಲ. ಊರಲ್ಲಿ ಉಳಿದುಕೊಳ್ಳಲು ಸ್ವಂತ ಮನೆಯುಳ್ಳ ನೆಂಟರೂ ಇಲ್ಲದಿದ್ದರೆ ಅವರ ಮೈಸೂರು ಒಂದು ಹಗಲಿನಲ್ಲೇ ಮುಗಿಯಬೇಕು. ನಮ್ಮ ಸಂವಿಧಾನದ 15ನೇ ವಿಧಿಯನ್ನು ನಾವು ಸಾಮಾನ್ಯವಾಗಿ ಬಾವಿ, ಕೆರೆ, ರಸ್ತೆಗಳ ಸಂದರ್ಭದಲ್ಲಿ ನೆನೆಯುತ್ತೇವೆ. ಅದೇ ವಿಧಿ ಹೋಟೆಲುಗಳನ್ನೂ ಸಾರ್ವಜನಿಕ ಮನರಂಜನೆಯ ತಾಣಗಳನ್ನೂ ಹೆಸರಿಸುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಧರ್ಮಶಾಲೆ, ಮುಸಾಫಿರಖಾನೆಗಳನ್ನೂ ಪಟ್ಟಿಗೆ ಸೇರಿಸಿತು. ಮನರಂಜನೆಯನ್ನು ನೀರಿನ ಸಾಲಿನಲ್ಲೇ ಕೂರಿಸಿದ ಆ ಬರವಣಿಗೆ ನನಗೆ ಬಹಳ ಮುಖ್ಯವೆನಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಕಾರಂಜಿ ತೋರಿಸುವುದು ಅಲ್ಲಿ ಚೈನಿಯಲ್ಲ, ಹಕ್ಕು.

ಇನ್ನು ಬುತ್ತಿ. ಮಂಡ್ಯ, ಹಾಸನದ ಕಡೆಯ ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಬಯಲುಸೀಮೆಯ ಉತ್ತರದಿಂದ ಬಂದವರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹುಣಸೆ ಮತ್ತು ಎಣ್ಣೆ ಅನ್ನವನ್ನು ಎರಡು ದಿನ ಕಾಯುತ್ತವೆ. ಒಣಗಿದ ರೊಟ್ಟಿ ವಾರಗಟ್ಟಲೆ ತಾಳುತ್ತದೆ. ಹಾಲಿನಲ್ಲಿ ಕಲಸಿ ಚೂರು ಹೆಪ್ಪು ಹಾಕಿದ ಅನ್ನ ಮಧ್ಯಾಹ್ನ ಮೃಗಾಲಯದ ಮರದಡಿ ಬಿಚ್ಚುವ ಹೊತ್ತಿಗೆ ಹದವಾದ ಮೊಸರನ್ನವಾಗಿರುತ್ತದೆ. ಎಷ್ಟು ಗಂಟೆಯ ಹಾದಿ, ಎಷ್ಟು ಬಿಸಿಲು, ಎಷ್ಟು ಬಾಯಿ ಎಂಬ ಲೆಕ್ಕವೆಲ್ಲ ಇದರಲ್ಲಿದೆ. ಕೆಲವು ಮನೆಗಳಲ್ಲಿ ಹೊರಗೆ ತಿನ್ನದಿರಲು ಮಡಿಯೂ ಕಾರಣ, ದುಡ್ಡೂ ಕಾರಣ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಹೋಟೆಲಿಗೆ ಕೊಡಲು ಕಾಸಿಲ್ಲ ಎನ್ನುವುದಕ್ಕಿಂತ ‘ನಾವು ಹೊರಗೆ ತಿನ್ನುವುದಿಲ್ಲ’ ಎನ್ನುವುದು ಗೌರವದ ಮಾತಲ್ಲವೇ?

ಹೇಗೇ ಆದರೂ ಆ ಬುತ್ತಿಗಾಗಿ ಬೆಳಗಿನ ಜಾವ ಮೂರಕ್ಕೆ ಎದ್ದವರು ಮನೆಯ ಹೆಂಗಸರು. ನೆಂಟರ ಮನೆಯಲ್ಲಿ ಇಳಿದುಕೊಂಡಾಗ ದುಡಿಮೆ ಉಳಿಯಲಿಲ್ಲ, ಇನ್ನೊಬ್ಬ ಹೆಂಗಸಿನ ಹೆಗಲಿಗೆ ದಾಟಿತು. ದಸರೆಯ ಹತ್ತು ದಿನ ಮೈಸೂರಿನ ಪುಟ್ಟ ವಠಾರದ ಮನೆಯೊಂದರಲ್ಲಿ ಹದಿನೈದು ಎಲೆ ಹಾಕಿದ ಗೃಹಿಣಿಯ ಪಾಲಿಗೆ ಜಂಬೂಸವಾರಿ ಎಂದರೆ ಬಹುಶಃ ಬೀದಿಯ ಗದ್ದಲವಷ್ಟೇ. ನಮ್ಮ ಮನೆಯ ಟ್ರಂಕಿನಲ್ಲಿ ಬೃಂದಾವನದಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೊ ಒಂದಿದೆ. ಅಜ್ಜ ಕೋಟು ತೊಟ್ಟಿದ್ದಾರೆ, ಮಕ್ಕಳು ಸಾಲಾಗಿ ನಿಂತಿದ್ದಾರೆ, ಹಿಂದೆ ಕಾರಂಜಿ. ಅಂಚಿನಲ್ಲಿ ಅಜ್ಜಿಯ ಒಂದು ಕೈ ಚೌಕಟ್ಟಿನಿಂದ ಆಚೆಗೆ ಹೋಗಿದೆ. ಹಿತ್ತಾಳೆ ಕೂಜವನ್ನೋ ಬುತ್ತಿಯ ಚೀಲವನ್ನೋ ಫೋಟೊದಲ್ಲಿ ಬೀಳದಂತೆ ಹಿಡಿದಿರಬೇಕು. ಸಂಶೋಧನೆಗೆಂದು ಹಳೆಯ ಆಡಳಿತ ವರದಿಗಳ ಪುಟ ತಿರುವುವಾಗ ನನಗೆ ರೈಲಿನ ಉದ್ದ, ಪ್ರಯಾಣಿಕರ ಸಂಖ್ಯೆ, ತೋಟದ ಖರ್ಚು ಎಲ್ಲ ಸಿಗುತ್ತವೆ. ಅವು ಕೂಡ ಆ ಫೋಟೊದ ಹಾಗೆಯೇ.

1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ರೈಲು ಮುಟ್ಟದ ಹಳ್ಳಿಗಳಿಗೂ ಮೈಸೂರು ಹತ್ತಿರವಾದದ್ದು ಇದರಿಂದ. ರೈಲಿನ ಮೂರನೇ ದರ್ಜೆ 1974ರಲ್ಲಿ ಹೆಸರಿಗೆ ಇಲ್ಲವಾಯಿತು. ಛತ್ರಗಳಲ್ಲಿ ಎಷ್ಟೋ ಮದುವೆ ಮಂಟಪಗಳಾದವು. ಇಂದು ಐದು ಜನರ ಸಂಸಾರವೊಂದು ಒಂದೇ ದಿನ ಅರಮನೆ, ಮೃಗಾಲಯ, ಬೃಂದಾವನ ಮೂರನ್ನೂ ನೋಡಹೊರಟರೆ ತಲೆಗಿಷ್ಟರಂತೆ ಕೊಡುವ ಟಿಕೆಟ್ಟು, ವಾಹನ ನಿಲ್ಲಿಸಿದ್ದಕ್ಕೊಂದಿಷ್ಟು, ನೀರಿನ ಬಾಟಲಿಗೊಂದಿಷ್ಟು ಎಂದು ಎಣಿಸುತ್ತ ಹೋಗಬೇಕು. ಹೊರಗಿನ ಏರ್ಪಾಡು ಸಣ್ಣದಾದಷ್ಟೂ ಒಳಗಿನ ಅಡುಗೆಮನೆ ಮತ್ತೆ ದೊಡ್ಡದಾಗುತ್ತದೆ.

ಅದಕ್ಕೇ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ, ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದಾಗ ಕೇಳಿಬಂದ ನಗೆಚಾಟಿಕೆಗಳನ್ನು ನಾನು ಚರಿತ್ರೆಯ ವಿದ್ಯಾರ್ಥಿಯಾಗಿ ಗಮನಿಸುತ್ತಿದ್ದೆ. ಕೆಲಸಕ್ಕೆ ಹೋಗುವವರಿಗೆ ಕೊಡಲಿ, ಆದರೆ ಇವರೆಲ್ಲ ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಚಾಮುಂಡಿಬೆಟ್ಟ ಸುತ್ತುತ್ತಾರಲ್ಲ ಎಂಬುದು ಅವುಗಳ ತಿರುಳು. ಸುತ್ತುವವರ ಮೇಲಿನ ಈ ಅಸಮಾಧಾನ ಹಳೆಯದು. ಹರಕೆಯ ನೆಪವಿಲ್ಲದೆ ಹೊರಡಲಾಗದಿದ್ದ ಕಾಲದ ನೆರಳು ಅದರ ಮೇಲಿದೆ. ಅಡುಗೆ ಮಾಡಿ, ಬುತ್ತಿ ಕಟ್ಟಿ, ಮಕ್ಕಳ ಕೈ ಹಿಡಿದು ಗಂಡನ ಹಿಂದೆ ಬಂದವರು ಈಗ ಗೆಳತಿಯರ ಜೊತೆ ತಾವೇ ಹೊರಟಿದ್ದಾರೆ ಎಂಬ ಬದಲಾವಣೆ ಆ ನಗೆಯವರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಸಣ್ಣ ಸಂಗತಿಯಿದೆ. ಉಚಿತವಾದರೂ ಕಂಡಕ್ಟರ್ ಪ್ರತಿ ಹೆಂಗಸಿಗೂ ಶೂನ್ಯ ಮೊತ್ತದ ಟಿಕೆಟ್ಟು ಹರಿಯಬೇಕು. ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ ಎಂಬುದು ಅದರಲ್ಲಿ ಅಚ್ಚಾಗುತ್ತದೆ. ಆಷಾಢ ಶುಕ್ರವಾರಗಳ ಆ ಲೆಕ್ಕ ಯಾರಾದರೂ ಜೋಪಾನ ಮಾಡಿಟ್ಟರೆ, ಇನ್ನೈವತ್ತು ವರ್ಷಗಳ ನಂತರ ಒಬ್ಬ ಸಂಶೋಧಕಿ ಯಾವ ಹಳ್ಳಿಯ ಎಷ್ಟು ಹೆಂಗಸರು ಬೆಟ್ಟದ ಬಸ್ಸು ಹತ್ತಿದರೆಂದು ಊರೂರಿನ ಹೆಸರು ಹಿಡಿದು ಬರೆಯಬಹುದು.