ಹೆತ್ತವರ ಹೇಳಿಕೆ, ತಜ್ಞರ ಅಂಕ: ಆಟಿಸಂ ಮಕ್ಕಳ ವರ್ತನೆಯನ್ನು ಅಳೆದ ಚರಿತ್ರೆ

ಆಟಿಸಂ ಕುರಿತ ವೈದ್ಯಕೀಯ ಸಾಹಿತ್ಯದ ತಳಪಾಯದಲ್ಲಿ ಒಬ್ಬ ವಕೀಲರ ಪತ್ರವಿದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಬೀಮನ್ ಟ್ರಿಪ್ಲೆಟ್ 1938ರಲ್ಲಿ ತಮ್ಮ ಮಗ ಡೊನಾಲ್ಡನ ಬಗ್ಗೆ 33 ಪುಟಗಳ ಬೆರಳಚ್ಚು ಪತ್ರವನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಅವರಿಗೆ ಕಳಿಸಿದರು. ಹುಡುಗ ಒಬ್ಬನೇ ಇದ್ದಾಗಲೇ ಹೆಚ್ಚು ಖುಷಿಯಾಗಿರುತ್ತಾನೆ, ತಾಯಿಯ ಜೊತೆ ಹೋಗಬೇಕೆಂದು ಹಟ ಮಾಡಿ ಅಳುವುದು ಇಲ್ಲವೆನ್ನುವಷ್ಟು ಕಡಿಮೆ, ತಂದೆ ಮನೆಗೆ ಬಂದರೂ ತಲೆಯೆತ್ತಿ ನೋಡುವುದಿಲ್ಲ, ದುಂಡಗಿನ ವಸ್ತು ಏನು ಸಿಕ್ಕರೂ ಗಿರಗಿರನೆ ತಿರುಗಿಸುತ್ತಾನೆ ಎಂಬಂಥ ವಿವರಗಳು ಅದರಲ್ಲಿದ್ದವು. ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಪ್ರಕಟಿಸಿದ ಪ್ರಬಂಧದ ಮೊದಲ ಪ್ರಕರಣ ಡೊನಾಲ್ಡನದು. ಅವನ ಬಾಲ್ಯದ ಚಿತ್ರ ಬಹುಪಾಲು ತಂದೆಯ ಪತ್ರದಿಂದ ಬಂದದ್ದು. ವಿಚಿತ್ರವೆಂದರೆ, ಅದೇ ಪ್ರಬಂಧದ ಕೊನೆಯ ಭಾಗದಲ್ಲಿ ಕ್ಯಾನರ್ ಹೆತ್ತವರ ಇಂಥ ಬರಹಗಳ ಕಡೆಗೇ ಬೆರಳು ತೋರಿಸುತ್ತಾರೆ: ಮಗು ಧರ್ಮೋಪದೇಶದ ಎಷ್ಟು ಪ್ರಶ್ನೋತ್ತರ ಕಲಿತಿತ್ತು, ಎಷ್ಟು ಶಿಶುಗೀತೆ ಹಾಡುತ್ತಿತ್ತು ಎಂದು ವರ್ಷಗಳ ಮೇಲೂ ಲೆಕ್ಕ ಇಟ್ಟುಕೊಂಡಿರುವುದೇ ಹೆತ್ತವರ ಗೀಳಿಗೆ ಸಾಕ್ಷಿ ಎನ್ನುತ್ತಾರೆ. ಒಂದೇ ಬರಹವು ಮಗುವಿನ ಬಗ್ಗೆ ಪುರಾವೆಯಾಯಿತು, ಬರೆದವರ ಬಗ್ಗೆ ರೋಗಲಕ್ಷಣವೂ ಆಯಿತು.

ಈ ಇಬ್ಬಂದಿತನ ಮುಂದಿನ ಎಂಟು ದಶಕಗಳ ಉದ್ದಕ್ಕೂ ಹರಿದಿದೆ ಎಂಬುದು ನನ್ನ ವಾದ. ಮೊದಲು ಹೆತ್ತವರ ಕಥನವಷ್ಟೇ ಇತ್ತು, ಆಮೇಲೆ ವಿಜ್ಞಾನ ಬೆಳೆದು ತಜ್ಞರ ನೇರ ವೀಕ್ಷಣೆ ಅದರ ಜಾಗಕ್ಕೆ ಬಂತು ಎಂದು ಈ ಚರಿತ್ರೆಯನ್ನು ಹೇಳುವುದು ರೂಢಿ. ದಾಖಲೆಗಳನ್ನು ಕ್ರಮವಾಗಿ ಓದಿದರೆ ಹಾಗೆ ಕಾಣುವುದಿಲ್ಲ. ಬಾಳಿಕೆ ಬಂದ ಅಳತೆ ಸಾಧನಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಹೆತ್ತವರ ಹೇಳಿಕೆಯನ್ನು ಆಶ್ರಯಿಸಿವೆ. ಬದಲಾದದ್ದು ಆ ಹೇಳಿಕೆಯನ್ನು ಕೇಳಿ ಪಡೆಯುವ ಶಿಸ್ತು. ಹೆತ್ತವರ ಮತ್ತು ತಜ್ಞರ ಅಳತೆಗಳು ಹೊಂದದಿದ್ದಾಗ ಒಂದನ್ನು ತಪ್ಪೆಂದು ತಳ್ಳಿಹಾಕಿದ ಕಡೆಯೆಲ್ಲ ಈ ಕ್ಷೇತ್ರ ಎಡವಿದೆ.

ಎಡವಿದ್ದರಲ್ಲಿ ಅತಿ ಕೆಟ್ಟ ಕಾಲವೆಂದರೆ 1950 ಮತ್ತು 60ರ ದಶಕಗಳು. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣವೆಂಬ ನಂಬಿಕೆ ಆಗ ಅಮೆರಿಕದಲ್ಲಿ ಬಲವಾಗಿತ್ತು. ಷಿಕಾಗೋದಲ್ಲಿ ವಸತಿ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಅವರ ಶಾಲೆಯಲ್ಲಿ ಹೆತ್ತವರನ್ನು ಮಕ್ಕಳಿಂದ ದೂರವೇ ಇಡಲಾಗುತ್ತಿತ್ತು. ರೋಗಕ್ಕೆ ತಾಯಿಯೇ ಕಾರಣಳೆಂದ ಮೇಲೆ ಅವಳ ಸಾಕ್ಷ್ಯಕ್ಕೆ ಬೆಲೆಯೆಲ್ಲಿ? ಆರೋಪಿಯ ಹೇಳಿಕೆಯಂತೆ ಅದನ್ನು ಶಂಕೆಯಿಂದ ಓದಲಾಯಿತು. ಈ ನಂಬಿಕೆಗೆ ಮೊದಲ ಗಟ್ಟಿ ಉತ್ತರ ಬಂದದ್ದು ಆಟಿಸಂ ಇದ್ದ ಮಗುವಿನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರಿಂದ. ಕ್ಯಾನರ್ ಅವರದೇ ಮುನ್ನುಡಿಯಿದ್ದ 1964ರ ತಮ್ಮ ಪುಸ್ತಕದಲ್ಲಿ ಅವರು ತಾಯಿಯ ಮೇಲಿನ ಆರೋಪಕ್ಕೆ ಆಧಾರವೇ ಇಲ್ಲವೆಂದು ತೋರಿಸಿದರು. ಪುಸ್ತಕದ ಕೊನೆಯಲ್ಲಿ ಮಗುವಿನ ವರ್ತನೆಯ ಬಗ್ಗೆ ಒಂದು ಪ್ರಶ್ನಾವಳಿಯನ್ನೂ ಸೇರಿಸಿದ್ದರು. ಹೆತ್ತವರು ಅದನ್ನು ತುಂಬಿ ಅಂಚೆಯಲ್ಲಿ ಅವರಿಗೆ ಕಳಿಸತೊಡಗಿದರು. ಆಟಿಸಂ ಬಗ್ಗೆ ಹೆತ್ತವರ ವರದಿಗಳು ದೊಡ್ಡ ಪ್ರಮಾಣದಲ್ಲಿ ಒಂದೆಡೆ ಸೇರಿದ್ದು ಹೀಗೆ, ಯಾವ ಆಸ್ಪತ್ರೆಯ ಯೋಜನೆಯೂ ಇಲ್ಲದೆ. 1969ರಲ್ಲಿ ಕ್ಯಾನರ್ ಹೆತ್ತವರ ಸಭೆಯಲ್ಲೇ ನಿಂತು ಅವರನ್ನು ದೋಷಮುಕ್ತರೆಂದು ಘೋಷಿಸಿದರು. ತಡವಾದರೂ ಆ ಮಾತು ಬಂತು.

ಆರೋಪ ಕಳಚಿದ ಮಾತ್ರಕ್ಕೆ ಹೆತ್ತವರ ಅಂದಾಜು ಸರಿಯೆಂದು ಸಿದ್ಧವಾಗುವುದಿಲ್ಲ. ಅದನ್ನು ಪರೀಕ್ಷಿಸಿ ನೋಡಿದವರು ಉತ್ತರ ಕೆರೊಲಿನಾದ ಎರಿಕ್ ಷೋಪ್ಲರ್ ಮತ್ತು ರಾಬರ್ಟ್ ರೈಕ್ಲರ್. ಮಗುವಿನ ಮಾತು, ಚಲನೆ, ತಿಳಿವು ಎಷ್ಟು ವಯಸ್ಸಿನ ಮಟ್ಟದಲ್ಲಿದೆ ಎಂದು ಮೊದಲು ಹೆತ್ತವರನ್ನು ಕೇಳಿ, ಆಮೇಲೆ ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಿದರು. 1972ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡೂ ಸಾಕಷ್ಟು ಹೊಂದಿಕೊಂಡವು. ಹೆತ್ತವರನ್ನು ಸಹಚಿಕಿತ್ಸಕರೆಂದು ಕಂಡ ಷೋಪ್ಲರ್ ಅವರ ಕಾರ್ಯಕ್ರಮ ಇದೇ ಅಡಿಪಾಯದ ಮೇಲೆ ಬೆಳೆಯಿತು. ಆದರೂ 1980ರಲ್ಲಿ ಅದೇ ತಂಡ ಹೊರತಂದ, ಇಂದಿಗೂ ಬಳಕೆಯಲ್ಲಿರುವ ಕಾರ್ಸ್ ಮಾಪಕವನ್ನು ನೋಡಿ: 15 ಅಂಶ, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 30 ಅಥವಾ ಹೆಚ್ಚಾದರೆ ಆಟಿಸಂ. ಅಂಕ ಹಾಕುವವರು ತಜ್ಞರು. 2010ರ ಪರಿಷ್ಕೃತ ಆವೃತ್ತಿಯಲ್ಲಿ ಹೆತ್ತವರಿಗೆ ಒಂದು ಪ್ರತ್ಯೇಕ ಪ್ರಶ್ನಾವಳಿ ಸೇರಿತು, ಅದಕ್ಕೆ ಅಂಕವಿಲ್ಲ. ಹೆತ್ತವರನ್ನು ಇಷ್ಟು ಎತ್ತಿಹಿಡಿದ ಪರಂಪರೆಯೂ ಕೊನೆಗೆ ಅವರ ಮಾತನ್ನು ಹಿನ್ನೆಲೆ ಮಾಹಿತಿಯ ಸಾಲಿನಲ್ಲಿಟ್ಟಿತು.

ಇಲ್ಲಿ ಒಂದು ಆಕ್ಷೇಪ ಸಹಜ. ಇಬ್ಬರ ವರದಿಗಳು ಹೊಂದದಿದ್ದಾಗ ತರಬೇತಿ ಪಡೆದವರನ್ನೇ ನಂಬಬೇಕಲ್ಲವೇ? ಥಾಮಸ್ ಆಕೆನ್‌ಬಾಕ್ ಮತ್ತು ಸಂಗಡಿಗರು 1987ರಲ್ಲಿ 119 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ ಈ ಪ್ರಶ್ನೆಯನ್ನೇ ಬೇರೆ ದಾರಿಗೆ ತಿರುಗಿಸಿತು. ತಂದೆ ಮತ್ತು ತಾಯಿಯಂತೆ ಒಂದೇ ಬಗೆಯ ನೆಲೆಯಲ್ಲಿರುವವರ ವರದಿಗಳ ನಡುವಿನ ಸರಾಸರಿ ಸಹಸಂಬಂಧ 0.60. ಹೆತ್ತವರು ಮತ್ತು ಶಿಕ್ಷಕರಂತೆ ಬೇರೆ ಬೇರೆ ನೆಲೆಯಲ್ಲಿರುವವರ ನಡುವೆ ಅದು 0.28ಕ್ಕೆ ಇಳಿಯಿತು. ಇವು ಒಟ್ಟಾರೆ ಮಕ್ಕಳ ವರ್ತನೆಯ ಸಮಸ್ಯೆಗಳನ್ನು ಕುರಿತ ಅಂಕಿಗಳು, ಆಟಿಸಂಗೆ ಸೀಮಿತವಲ್ಲ ಎಂಬುದನ್ನು ಮರೆಯಬಾರದು. ಆದರೂ ಅವು ಸೂಚಿಸುವುದು ಸ್ಪಷ್ಟ: ವ್ಯತ್ಯಾಸದ ದೊಡ್ಡ ಪಾಲು ನೋಡುವವರ ದಡ್ಡತನದಿಂದ ಬಂದದ್ದಾಗಿದ್ದರೆ ತಂದೆ-ತಾಯಿಯ ನಡುವೆಯೂ ಅಷ್ಟೇ ಬಿರುಕು ಇರಬೇಕಿತ್ತು. ಮಗು ಮನೆಯಲ್ಲಿ ಒಂದು ರೀತಿ, ತರಗತಿಯಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಜಾಗ, ಗದ್ದಲ, ಪರಿಚಯ, ದಿನದ ಕ್ರಮ ಇವಕ್ಕೆಲ್ಲ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುವ ಆಟಿಸಂ ಮಕ್ಕಳಲ್ಲಿ ಈ ಅಂತರ ಇನ್ನೂ ಹೆಚ್ಚಿರಬಹುದೆಂದು ನಿರೀಕ್ಷಿಸುವುದೇ ನ್ಯಾಯ.

ಈ ಅಂತರವನ್ನು ಸಾಧನದ ಒಳಗೇ ಅಳವಡಿಸಿಕೊಂಡದ್ದು 1989ರಲ್ಲಿ ಮೊದಲು ಪ್ರಕಟವಾದ ಒಂದು ಜೋಡಿ ಸಾಧನಗಳು. ಕ್ಯಾಥರೀನ್ ಲಾರ್ಡ್, ಮೈಕೆಲ್ ರಟರ್, ಆನ್ ಲೆ ಕೂಟರ್ ಮೊದಲಾದವರು ರೂಪಿಸಿದ ಎಡಿಐ ಹೆತ್ತವರ ಸಂದರ್ಶನವಾದರೆ, ಎಡಾಸ್ ಮಗುವಿನ ಜೊತೆಗಿನ ವೀಕ್ಷಣೆ. ಎಡಿಐಯ 1994ರ ಪರಿಷ್ಕೃತ ರೂಪದಲ್ಲಿ 93 ಅಂಶಗಳಿವೆ. ಮಗು ಬೆರಳು ತೋರಿಸುತ್ತದೆಯೇ ಎಂದು ಕೇಳಿ ಹೌದು-ಇಲ್ಲ ಎಂದು ಬರೆದುಕೊಂಡರೆ ಇಲ್ಲಿ ಸಾಲದು. ಯಾವಾಗ, ಯಾರಿಗೆ, ಏನನ್ನು ತೋರಿಸಿತು, ತೋರಿಸಿ ನಿಮ್ಮ ಮುಖ ನೋಡಿತೇ ಎಂದು ನಡೆದ ಪ್ರಸಂಗವನ್ನೇ ಹೇಳಿಸಬೇಕು. ಅಂಕ ಹಾಕುವವರು ಸಂದರ್ಶಕರು, ಅಂಕಕ್ಕೆ ಆಧಾರ ತಾಯಿಯ ನೆನಪು. ಎಡಾಸ್‌ನ ಕೋಣೆಯಲ್ಲೂ ಹೆತ್ತವರು ಸುಮ್ಮನೆ ಕೂತಿರುವುದಿಲ್ಲ. ಪುಟ್ಟ ಮಕ್ಕಳ ವಿಭಾಗದಲ್ಲಿ ಹೆಸರು ಕರೆದಾಗ ಮಗು ತಿರುಗುತ್ತದೆಯೇ ಎಂದು ನೋಡುವ ಒಂದು ಹಂತವಿದೆ. ಮೊದಲು ಪರೀಕ್ಷಕರು ಹಲವು ಬಾರಿ ಕರೆಯುತ್ತಾರೆ. ಮಗು ತಿರುಗದಿದ್ದರೆ ತಾಯಿಯನ್ನೋ ತಂದೆಯನ್ನೋ ಕರೆಯಲು ಹೇಳುತ್ತಾರೆ. ಯಾರ ದನಿಗೆ ತಿರುಗಿತು ಎಂಬುದೂ ಇಲ್ಲಿ ಮಾಹಿತಿಯೇ. ಎರಡೂ ಸಾಧನಗಳನ್ನು ಕೂಡಿಸಿದಾಗ ಒಂದೊಂದನ್ನೇ ನಂಬಿದ್ದಕ್ಕಿಂತ ನಿರ್ಣಯ ಉತ್ತಮವಾಗುತ್ತದೆಂದು ಲಾರ್ಡ್ ಅವರ ತಂಡ 2006ರಲ್ಲಿ ತೋರಿಸಿತು.

ಕೂಡಿಸುವುದೆಂದರೆ ಇಬ್ಬರೂ ಒಪ್ಪಿದರೆ ಮಾತ್ರ ಎಂಬ ಷರತ್ತು ಹಾಕುವುದಲ್ಲ. ಬ್ರಿಟನ್ನಿನಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಚಾಟ್ ಎಂಬ ತಪಾಸಣೆಯಲ್ಲಿ 18 ತಿಂಗಳ ಮಗುವಿನ ಬಗ್ಗೆ ತಾಯಿಗೆ ಒಂಬತ್ತು ಪ್ರಶ್ನೆ, ಆರೋಗ್ಯ ಕಾರ್ಯಕರ್ತೆಗೆ ಐದು ವೀಕ್ಷಣೆ. ಆಟಿಕೆ ಕಪ್ಪಿನಲ್ಲಿ ಟೀ ಸುರಿದಂತೆ ಆಡುತ್ತದೆಯೇ, ಬೆರಳು ತೋರಿಸಿದ ಕಡೆ ನೋಡುತ್ತದೆಯೇ ಎಂಬಂಥವು. ಹೆಚ್ಚಿನ ಅಪಾಯದ ಗುಂಪಿಗೆ ಸೇರಬೇಕಾದರೆ ಮಗು ಎರಡೂ ಕಡೆಯ ಮುಖ್ಯ ಅಂಶಗಳಲ್ಲಿ ಸೋಲಬೇಕಿತ್ತು. 16,235 ಮಕ್ಕಳನ್ನು ಹೀಗೆ ತಪಾಸಿಸಿ ಆರು ವರ್ಷ ಹಿಂಬಾಲಿಸಿದಾಗ ಗೊತ್ತಾದದ್ದು, ಆಟಿಸಂ ಇದ್ದ ಮಕ್ಕಳಲ್ಲಿ ಶೇ. 38ರಷ್ಟು ಮಾತ್ರ ಸಿಕ್ಕಿದ್ದರು. ಮಾನದಂಡ ಬಿಗಿಯಾಗಿದ್ದದ್ದು, ವಯಸ್ಸು ಚಿಕ್ಕದಿದ್ದದ್ದು ಎಲ್ಲವೂ ಇದಕ್ಕೆ ಕಾರಣ. ಇಬ್ಬರ ಸಹಮತ ಬೇಡಿದ್ದೂ ಒಂದು ಕಾರಣವೆಂದು ನಾನು ಓದುತ್ತೇನೆ. ಅಮೆರಿಕದಲ್ಲಿ 2001ರಲ್ಲಿ ಇದರ ಹೊಸ ರೂಪ ಬಂದಾಗ ವೀಕ್ಷಣೆಯ ಭಾಗವನ್ನೇ ಕೈಬಿಟ್ಟು, 23 ಪ್ರಶ್ನೆಗಳನ್ನು ಹೆತ್ತವರಿಗೇ ಒಪ್ಪಿಸಿದರು. 2014ರ ಪರಿಷ್ಕರಣೆ 20 ಪ್ರಶ್ನೆಗಳ ಜೊತೆಗೆ, ಸಂಶಯ ಬಂದ ಉತ್ತರಗಳ ಬಗ್ಗೆ ಮತ್ತೆ ಮಾತಾಡಿಸುವ ಹಂತವನ್ನೂ ಬಿಗಿಗೊಳಿಸಿತು.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ ನೆನಪಿನದು. ಮಗು ದೊಡ್ಡದಾದಂತೆ ಹೆತ್ತವರು ಮಾತು ಬಂದ ವಯಸ್ಸನ್ನು ನಿಜಕ್ಕಿಂತ ತಡವಾಗಿ ಹೇಳುತ್ತಾರೆಂದು ಎಡಿಐ ಮೇಲಿನ ಅಧ್ಯಯನವೇ ತೋರಿಸಿದೆ. ಶೈಶವದಿಂದಲೇ ಮಕ್ಕಳನ್ನು ಹಿಂಬಾಲಿಸಿದ ಸ್ಯಾಲಿ ಓಜೊನಾಫ್ ಅವರ ಸಂಶೋಧನೆಯಲ್ಲಿ, ಕಲಿತ ಸಾಮಾಜಿಕ ವರ್ತನೆ ನಿಧಾನವಾಗಿ ಕರಗುವುದನ್ನು ಬಹುಪಾಲು ಹೆತ್ತವರು ಗುರುತಿಸಲೇ ಇಲ್ಲ. ಇದನ್ನು ಒಪ್ಪಲೇಬೇಕು. ಹಾಗೆಂದು ತಾಯಿಯ ಗ್ರಹಿಕೆಯನ್ನೇ ಅನುಮಾನಿಸಲು ಹೊರಟರೆ, ಓಸ್ಟರ್ಲಿಂಗ್ ಮತ್ತು ಡಾಸನ್ 1994ರಲ್ಲಿ ಮಾಡಿದ ಕೆಲಸ ಅಡ್ಡ ಬರುತ್ತದೆ. ಹೆತ್ತವರೇ ತೆಗೆದಿದ್ದ ಮೊದಲ ಹುಟ್ಟುಹಬ್ಬದ ವಿಡಿಯೊಗಳಲ್ಲಿ, ಮುಂದೆ ಆಟಿಸಂ ಎಂದು ಗುರುತಾದ 11 ಮಕ್ಕಳು ಇತರ 11 ಮಕ್ಕಳಿಗಿಂತ ಕಡಿಮೆ ಬೆರಳು ತೋರಿಸಿದ್ದರು, ಮುಖ ನೋಡಿದ್ದೂ ಹೆಸರಿಗೆ ತಿರುಗಿದ್ದೂ ಕಡಿಮೆ. ಏನೋ ಸರಿಯಿಲ್ಲವೆಂಬ ಹೆತ್ತವರ ಮೊದಲ ಆತಂಕಕ್ಕೆ ಆಧಾರವಿತ್ತು. ದಿನಾಂಕಗಳಲ್ಲಿ ಮಾತ್ರ ಅವರನ್ನು ಪೂರ್ತಿ ನಂಬುವಂತಿಲ್ಲ.

ಹೆತ್ತವರೂ ತಜ್ಞರೂ ಸೇರಿ ತಪ್ಪಿದ ಒಂದು ವಿಷಯವುಂಟು. ವ್ಯಾಕ್ಯೂಮ್ ಕ್ಲೀನರ್, ಲಿಫ್ಟುಗಳ ಸದ್ದಿಗೆ ಮಕ್ಕಳು ಬೆದರುತ್ತಿದ್ದುದನ್ನು ಕ್ಯಾನರ್ 1943ರಲ್ಲೇ ಬರೆದಿದ್ದರೂ, ಇಂದ್ರಿಯಗಳ ಅತಿಸೂಕ್ಷ್ಮತೆ ಅಮೆರಿಕದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ ಮಾನದಂಡಗಳಲ್ಲಿ ಸ್ಪಷ್ಟವಾಗಿ ಜಾಗ ಪಡೆದದ್ದು 2013ರಲ್ಲಿ. ನಡುವಿನ ಏಳು ದಶಕಗಳಲ್ಲಿ ಅದರ ಒಳಗಿನ ಅನುಭವವನ್ನು ಹೇಳಿದವರು ಟೆಂಪಲ್ ಗ್ರ್ಯಾಂಡಿನ್ ಅವರಂಥ ಆಟಿಸಂ ವ್ಯಕ್ತಿಗಳೇ. ಹೊರಗಿನಿಂದ ಹಟವಾಗಿ ಕಂಡದ್ದು ಒಳಗಿನಿಂದ ನೋವಾಗಿತ್ತು.

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ತೂಕವೂ ಸೇರಿದೆ. ಸಿಕಂದರಾಬಾದಿನ ಒಂದು ರಾಷ್ಟ್ರೀಯ ಸಂಸ್ಥೆ ರೂಪಿಸಿ 2009ರಲ್ಲಿ ಬಿಡುಗಡೆಯಾದ ಇಸಾ ಎಂಬ ಆಟಿಸಂ ಮಾಪಕದಲ್ಲಿ ಆರು ವಿಭಾಗ, 40 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಕರ್ನಾಟಕದ ಮಗುವಿಗೂ ಅಂಗವಿಕಲತೆಯ ಪ್ರಮಾಣಪತ್ರ ಸಿಗುವುದು ಈ ಅಂಕದ ಮೇಲೆಯೇ. ಅಂಕ ಹಾಕುವ ಸೂತ್ರವನ್ನು ಹತ್ತಿರದಿಂದ ನೋಡಬೇಕು: ವರ್ತನೆ ಶೇ. 20ರವರೆಗೆ ಕಂಡರೆ 1, ಶೇ. 41ರಿಂದ 60ರಷ್ಟು ಕಂಡರೆ 3, ಶೇ. 81 ಅಥವಾ ಹೆಚ್ಚಾದರೆ 5. ಆಸ್ಪತ್ರೆಯ ಕೋಣೆಯಲ್ಲಿ ಒಂದು ಗಂಟೆ ಕಂಡವರು ಮಗು ದಿನದ ಎಷ್ಟು ಪಾಲು ಕಿವಿ ಮುಚ್ಚಿಕೊಳ್ಳುತ್ತದೆಂದು ಹೇಗೆ ಹೇಳಿಯಾರು? ಆ ಶೇಕಡಾವಾರು ಬರುವುದು ತಾಯಿಯ ಬಾಯಿಂದ. ಸೌಲಭ್ಯಕ್ಕಾಗಿ ಹೆಚ್ಚಿಸಿ ಹೇಳುತ್ತಾರೆಂಬ ಗುಮಾನಿ ಇಲ್ಲೇ ಹುಟ್ಟುತ್ತದೆ. ಹಾಗೆ ಹೇಳುವವರು ಇರಬಹುದು. ನೆಂಟರ ಮಾತಿಗೆ ಅಂಜಿ ಕಡಿಮೆ ಮಾಡಿ ಹೇಳುವವರೂ ಅಷ್ಟೇ ಸಂಭವನೀಯ. ಎರಡಕ್ಕೂ ಮದ್ದು, ಎಡಿಐ ಮಾಡುವಂತೆ, ಪ್ರತಿ ಅಂಕದ ಹಿಂದಿನ ಪ್ರಸಂಗವನ್ನು ಕೇಳುವುದು. ಅದಕ್ಕೆ ಸಮಯ ಬೇಕು. ಪ್ರತಿ ಅಂಶದ ಎದುರು ಮನೆಯ ವರದಿಗೊಂದು, ಕೋಣೆಯ ವೀಕ್ಷಣೆಗೊಂದು ಎಂದು ಎರಡು ಕಂಬಸಾಲು ಇಟ್ಟು ಎರಡನ್ನೂ ಕಡತದಲ್ಲಿ ಉಳಿಸಿದರೆ, ಮುಂದಿನ ಬಾರಿ ಆ ಮಗುವನ್ನು ನೋಡುವ ವೈದ್ಯರಿಗೂ ಶಿಕ್ಷಕರಿಗೂ ಒಟ್ಟು ಅಂಕಕ್ಕಿಂತ ಹೆಚ್ಚಿನದೇನಾದರೂ ಸಿಕ್ಕೀತು.